ಚಾನೆಲ್‌ನ ಪಾಸ್‌ವರ್ಡನ್ನು ತಂಡಕ್ಕೆಲ್ಲ ಹಂಚಿದ್ದೀರಾ? ಮೊದಲು ಅದನ್ನು ಬದಲಾಯಿಸಿ

ಯಕ್ಷಗಾನ, ಭಜನೆ, ಊರ ನಾಟಕ ಎಂದು ನಾಲ್ಕಾರು ಜನ ಸೇರಿ ಯೂಟ್ಯೂಬ್ ಚಾನೆಲ್ ನಡೆಸುವವರು ಇದನ್ನು ಓದಬೇಕು. ನಿಮ್ಮ ಚಾನೆಲ್‌ನ ಪಾಸ್‌ವರ್ಡ್ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಓಡಾಡುತ್ತಿದ್ದರೆ ಈಗಲೇ ಬದಲಾಯಿಸಿ, ಮಿಕ್ಕಿದ್ದನ್ನು ಆಮೇಲೆ ಓದಿ.

ನಮ್ಮದು ಕರಾವಳಿಯ ತಂಡ. ದೇವಸ್ಥಾನದ ಸಭಾಭವನಗಳಲ್ಲಿ, ಮನೆಗಳ ಚಾವಡಿಗಳಲ್ಲಿ ನಡೆಯುವ ತಾಳಮದ್ದಳೆಗಳನ್ನು, ಅಂದರೆ ವೇಷ, ಕುಣಿತ ಇಲ್ಲದೆ ಕುಳಿತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ ಕೂಟಗಳನ್ನು, ಚಿತ್ರೀಕರಿಸಿ ಹಾಕುತ್ತೇವೆ. ಚಾನೆಲ್‌ಗೆಂದು ಒಂದು ಗೂಗಲ್ ಖಾತೆ. ಅದನ್ನು ತೆರೆದವನು ತಂಡದ ಒಬ್ಬ ಹುಡುಗ. ನಾನು ಸಂಕಲನದ ಕೆಲಸಕ್ಕೆ ಸೇರುವ ಹೊತ್ತಿಗಾಗಲೇ ಅದರ ಪಾಸ್‌ವರ್ಡ್ ಎಲ್ಲರ ಬಾಯಲ್ಲಿತ್ತು. ವಿಡಿಯೊ ಏರಿಸುವವರು, ಥಂಬ್‌ನೇಲ್ ಮಾಡುವವರು, ನೇರ ಪ್ರಸಾರಕ್ಕೆ ಕೂರುವವರು ಎಲ್ಲರೂ ಅದರಲ್ಲೇ ಒಳಹೋಗುತ್ತಿದ್ದರು. ಎಷ್ಟು ಜನ ನೋಡಿದರೆಂದು ತಿಳಿಯುವ ಆಸೆಗೆ ಖಜಾಂಚಿಗಳೂ ಅದರಲ್ಲೇ. ಹಣ ಬರುವ ಚಾನೆಲ್‌ಗಳಿಗೆ 2021ರ ನವೆಂಬರ್‌ನಿಂದ ಎರಡು ಹಂತದ ದೃಢೀಕರಣ ಕಡ್ಡಾಯವಾಯಿತಲ್ಲ, ಅದಕ್ಕೂ ನಮ್ಮವರು ಉಪಾಯ ಕಂಡುಕೊಂಡಿದ್ದರು. ಸಂಖ್ಯೆ ಹುಡುಗನ ಮೊಬೈಲಿಗೆ ಬರುತ್ತಿತ್ತು, "ಒಟಿಪಿ ಹೇಳು ಮಾರಾಯಾ" ಎಂದರೆ ಅವನು ಗುಂಪಿನಲ್ಲಿ ಹಾಕುತ್ತಿದ್ದ. ಯಾರಿಗೂ ಹೇಳಬಾರದೆಂದು ಬರುವ ಸಂಖ್ಯೆಯನ್ನು ಹತ್ತು ಜನರಿಗೆ ಹೇಳುವ ಅಭ್ಯಾಸವಾದ ಮೇಲೆ, ಹನ್ನೊಂದನೆಯವನು ಕೇಳಿದಾಗ ಅನುಮಾನ ಬರುವುದಾದರೂ ಹೇಗೆ?

ಆ ಹುಡುಗ ಕೆಲಸ ಹುಡುಕಿಕೊಂಡು ಗಲ್ಫ್‌ಗೆ ಹೋದ. ಹೋಗುವ ಮೊದಲು ಜಾಹೀರಾತಿನ ಹಣದ ಪಾಲಿನ ವಿಚಾರದಲ್ಲಿ ಮಾತಿಗೆ ಮಾತು ಬೆಳೆದಿತ್ತು. ಆಮೇಲೆ ಒಟಿಪಿ ಬರುವ ನಂಬರನ್ನು ಕಾರ್ಯದರ್ಶಿಗಳದ್ದಕ್ಕೆ ಬದಲಿಸಲಾಯಿತು. ಖಾತೆ ಮರಳಿ ಪಡೆಯಲು ಬೇಕಾಗುವ ನಂಬರು ಮಾತ್ರ ಅವನದ್ದೇ ಉಳಿಯಿತು.

ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲ ತಾಳಮದ್ದಳೆಯ ಸುಗ್ಗಿ. ಅದೇ ಹೊತ್ತಿಗೆ ಒಂದು ಬೆಳಗ್ಗೆ ನಮ್ಮ ಚಾನೆಲ್‌ನ ಹೆಸರೂ ಚಿತ್ರವೂ ಬದಲಾಗಿದ್ದವು. ಹಾಡುವ ಭಾಗವತರ ಜಾಗದಲ್ಲಿ ಕ್ರಿಪ್ಟೊ ನಾಣ್ಯದ ನೇರ ಪ್ರಸಾರ: ಇಷ್ಟು ಕಳುಹಿಸಿ, ಎರಡರಷ್ಟು ಪಡೆಯಿರಿ. ಹಳೆಯ ಕೂಟಗಳಲ್ಲಿ ಕೆಲವನ್ನು ಯಾರಿಗೂ ಕಾಣದಂತೆ ಮುಚ್ಚಿದ್ದರು, ಕೆಲವನ್ನು ಅಳಿಸಿಯೇ ಬಿಟ್ಟಿದ್ದರು. ಪಾಸ್‌ವರ್ಡೂ ಬದಲಾಗಿತ್ತು.

ಇಲ್ಲಿಂದ ಮುಂದಿನದನ್ನು ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ. ಎಲ್ಲರೂ ಒಂದೇ ಹೆಸರಿನಲ್ಲಿ ಒಳಹೋಗುತ್ತಿದ್ದ ಕಾರಣ ಯಾರ ಕಡೆಯಿಂದ ಬಾಗಿಲು ತೆರೆಯಿತೆಂದು ಹೇಳುವಂತಿರಲಿಲ್ಲ. ಗೊತ್ತಿಲ್ಲದಿದ್ದರೆ ಸುಮ್ಮನಿರಬೇಕಿತ್ತು. ನಮ್ಮವರು ಸುಮ್ಮನಿರಲಿಲ್ಲ. ಜಗಳವಾಡಿ ಹೋದ ಹುಡುಗನೇ ಸೇಡು ತೀರಿಸಿಕೊಂಡ ಎಂದು ಗುಂಪಿನಲ್ಲಿ ತೀರ್ಪು ಹೊರಬಿತ್ತು. ಅವನು ಆ ಗುಂಪಿನಲ್ಲಿ ಇನ್ನೂ ಇದ್ದ, ಎಲ್ಲವನ್ನೂ ಓದುತ್ತಿದ್ದ. ಅವನ ತಾಯಿಯ ಮನೆಗೂ ಒಬ್ಬರು ಹೋಗಿ ಬಂದರಂತೆ.

ನಡೆದದ್ದು ಬೇರೆಯೇ ಎಂದು ಆಮೇಲೆ ತಿಳಿಯಿತು. ಆಯುರ್ವೇದ ತೈಲದ ಕಂಪನಿಯೊಂದು ಪ್ರಾಯೋಜಕತ್ವ ಕೊಡುತ್ತದೆಂದು ಚಾನೆಲ್‌ನ ಇಮೇಲ್‌ಗೆ ಪತ್ರ ಬಂದಿತ್ತು. ಒಪ್ಪಂದದ ಕರಡು ಎಂದು ಜೊತೆಗಿದ್ದ ಕಡತವನ್ನು ತಂಡದ ಹಿರಿಯರೊಬ್ಬರು ಮನೆಯ ಕಂಪ್ಯೂಟರಿನಲ್ಲಿ ತೆರೆದಿದ್ದರು. ಏನೂ ತೆರೆದುಕೊಳ್ಳಲಿಲ್ಲವೆಂದು ಮರೆತೂ ಬಿಟ್ಟಿದ್ದರು. ಇಂಥ ಕಡತದಲ್ಲಿರುವ ಕಳ್ಳ ತಂತ್ರಾಂಶ ಬ್ರೌಸರಿನ ಕುಕೀಗಳನ್ನು ಕದಿಯುತ್ತದೆ. ಮತ್ತೆ ಮತ್ತೆ ಲಾಗಿನ್ ಕೇಳದೆ ನಿಮ್ಮನ್ನು ಒಳಗೇ ಇರಿಸುವುದು ಆ ಕುಕೀ. ಅದು ಸಿಕ್ಕವನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಯೂಟ್ಯೂಬ್ ಚಾನೆಲ್‌ಗಳವರಿಗೆ ಹೀಗೆ ಬಲೆ ಬೀಸುತ್ತಿರುವುದನ್ನು ಗೂಗಲ್‌ನ ಭದ್ರತಾ ತಂಡ 2021ರ ಅಕ್ಟೋಬರ್‌ನಲ್ಲೇ ವಿವರವಾಗಿ ಬರೆದಿತ್ತು. 2023ರ ಮಾರ್ಚ್‌ನಲ್ಲಿ ಕೆನಡಾದ ಲೈನಸ್ ಟೆಕ್ ಟಿಪ್ಸ್ ಎಂಬ ದೊಡ್ಡ ಯೂಟ್ಯೂಬ್ ಚಾನೆಲ್ ಕಳವಾದದ್ದೂ ಇಂಥದೇ ಒಂದು ಕಡತದಿಂದ. ಅವರು ಹೊಟ್ಟೆಪಾಡಿಗೇ ಕಂಪ್ಯೂಟರಿನ ವಿಷಯ ಮಾತಾಡುವವರು. ನಮ್ಮ ಹಿರಿಯರನ್ನು ಏನೆಂದು ಬೈಯುವುದು?

ಆದರೆ ಅವರ ಕಂಪ್ಯೂಟರಿನಲ್ಲಿ ಮಾಲೀಕನ ಖಾತೆಯೇ ತೆರೆದಿರಬೇಕಾದ ಅಗತ್ಯ ಏನಿತ್ತು? ಅವರು ಮಾಡುತ್ತಿದ್ದದ್ದು ಶೀರ್ಷಿಕೆ ತಿದ್ದುವ ಕೆಲಸ. ಯೂಟ್ಯೂಬ್ ಸ್ಟುಡಿಯೊದ ಸೆಟ್ಟಿಂಗ್ಸ್‌ನಲ್ಲಿ ಪರ್ಮಿಷನ್ಸ್ ಎಂಬ ಭಾಗವಿದೆ. ಅಲ್ಲಿಂದ ಪ್ರತಿಯೊಬ್ಬರಿಗೂ ಅವರವರ ಸ್ವಂತ ಇಮೇಲ್‌ಗೆ ಆಹ್ವಾನ ಕಳುಹಿಸಿ, ಕೆಲಸಕ್ಕೆ ತಕ್ಕ ಅಧಿಕಾರ ಮಾತ್ರ ಕೊಡಬಹುದು. ಆಹ್ವಾನ 30 ದಿನ ಊರ್ಜಿತದಲ್ಲಿರುತ್ತದೆ. ಎಡಿಟರ್ ಆದವರು ವಿಡಿಯೊ ಏರಿಸಬಹುದು, ತಿದ್ದಬಹುದು, ಪ್ರಕಟಿಸಬಹುದು. ಪ್ರಕಟವಾದದ್ದನ್ನು ಅಳಿಸಲಾರರು, ಬೇರೆಯವರನ್ನು ಸೇರಿಸಲಾರರು. ಆದಾಯದ ಲೆಕ್ಕ ಕಾಣದಂತೆ ಸೀಮಿತ ಎಡಿಟರ್ ಕೂಡ ಮಾಡಬಹುದು. ಹಣದ ಮಾತಿನಿಂದ ಮುನಿಸು ಹುಟ್ಟುವ ನಮ್ಮಂಥ ತಂಡಗಳಿಗೆ ಅದೇ ವಾಸಿ. ಅಡಿಬರಹ ಬರೆಯುವವರಿಗೆ ಬೇರೆ ಪಾತ್ರ, ಖಜಾಂಚಿಗಳಿಗೆ ವ್ಯೂವರ್ ಸಾಕು. ಮ್ಯಾನೇಜರ್ ಸ್ಥಾನವನ್ನು ಮರ್ಯಾದೆಗೆಂದು ಹಂಚಬೇಡಿ. ಚಾನೆಲ್ ಅಳಿಸುವುದೊಂದನ್ನು ಬಿಟ್ಟರೆ ಜನರನ್ನು ಸೇರಿಸುವ, ತೆಗೆಯುವ, ವಿಡಿಯೊ ಅಳಿಸುವ ಅಧಿಕಾರವೆಲ್ಲ ಅವರಿಗಿರುತ್ತದೆ. ಅಧ್ಯಕ್ಷರು ಬೇಸರಪಟ್ಟುಕೊಂಡರೆ ಪಟ್ಟುಕೊಳ್ಳಲಿ.

ಹೀಗಿದ್ದಿದ್ದರೆ ನಮ್ಮ ಹಿರಿಯರ ಕುಕೀ ಕದ್ದವನಿಗೂ ಸಿಗುತ್ತಿದ್ದದ್ದು ಎಡಿಟರ್ ಅಧಿಕಾರ. ತಂಟೆ ಮಾಡುತ್ತಿದ್ದ, ನಿಜ. ವರ್ಷಗಳ ಕೂಟಗಳನ್ನು ಅಳಿಸಲು ಆಗುತ್ತಿರಲಿಲ್ಲ. ಯಾರಾದರೂ ತಂಡ ಬಿಟ್ಟರೆ ಅವರ ಹೆಸರು ತೆಗೆದರೆ ಮುಗಿಯಿತು, ಪಾಸ್‌ವರ್ಡ್ ಬದಲಿಸಿ ಊರಿಗೆಲ್ಲ ಮತ್ತೆ ಹೇಳಬೇಕಿಲ್ಲ. ಒಬ್ಬರ ಹೆಸರಿಗಲ್ಲದೆ ಹಲವರು ಸೇರಿ ನೋಡಿಕೊಳ್ಳುವ ಗೂಗಲ್‌ನ ಬ್ರ್ಯಾಂಡ್ ಖಾತೆಯಲ್ಲಿರುವ ಹಳೆಯ ಚಾನೆಲ್‌ಗಳವರು ಇನ್ನೊಂದನ್ನೂ ಗಮನಿಸಿ: ಅಲ್ಲಿ ಒಬ್ಬರಿಗಿಂತ ಹೆಚ್ಚು ಮಾಲೀಕರಿರಬಹುದು, ಹೊಸ ಮಾಲೀಕರು 7 ದಿನ ಕಳೆದ ಮೇಲೆ ಮುಖ್ಯ ಮಾಲೀಕರೂ ಆಗಬಹುದು. ಆ ಪಟ್ಟಿಯಲ್ಲಿ ಯಾರ ಯಾರ ಹೆಸರಿದೆ ಎಂದು ಕೊನೆಯ ಸಲ ನೋಡಿದ್ದು ಯಾವಾಗ?

ಖಾತೆ ಮರಳಿ ಪಡೆಯಲು ಕೊನೆಗೆ ಬೇಕಾದದ್ದು ಗಲ್ಫ್‌ನಲ್ಲಿದ್ದ ಹುಡುಗನ ನಂಬರು. ಕಳ್ಳನೆಂದು ಕರೆದವರೇ ಅವನಿಗೆ ಫೋನು ಮಾಡಬೇಕಾಯಿತು. ಅವನು ಮಾತಾಡಲಿಲ್ಲ, ತನ್ನ ಮೊಬೈಲಿಗೆ ಬಂದ ಒಟಿಪಿ ಮಾತ್ರ ಸಂದೇಶದಲ್ಲಿ ಕಳುಹಿಸಿದ, ಆಮೇಲೆ ಗುಂಪಿನಿಂದ ಹೊರಹೋದ. ಚಾನೆಲ್ ಬಂತು. ಮುಚ್ಚಿದ್ದ ವಿಡಿಯೊಗಳನ್ನು ಮತ್ತೆ ತೆರೆದೆವು. ಅಳಿಸಿದವು ಬರಲಿಲ್ಲ. ತಾಳಮದ್ದಳೆಯಲ್ಲಿ ಪಾತ್ರವಾಗಿ ಮಾತಾಡುವ ಅರ್ಥಗಾರಿಕೆ ಆಶುವಾಗಿ ಹುಟ್ಟುವ ಮಾತು, ಅದೇ ಪ್ರಸಂಗ ಅದೇ ಪಾತ್ರವಾದರೂ ಮರುದಿನ ಅದೇ ಮಾತು ಬರುವುದಿಲ್ಲ. ಹೋದವುಗಳಲ್ಲಿ ಈಗ ಬದುಕಿಲ್ಲದ ಅರ್ಥಧಾರಿಗಳ ಕೂಟಗಳೂ ಇದ್ದವು. ಯೂಟ್ಯೂಬನ್ನೇ ಕಪಾಟು ಎಂದು ನಂಬಿ ಮೂಲ ಕಡತಗಳನ್ನು ಅಳಿಸುವ ತಂಡಗಳು ಇನ್ನೂ ಇವೆ. ಒಂದು ಹಾರ್ಡ್ ಡಿಸ್ಕ್ ಕೊಳ್ಳಿ.

ಈಗಾಗಲೇ ಚಾನೆಲ್ ಕೈತಪ್ಪಿದ್ದರೆ ಮೊದಲು ಆ ಕಂಪ್ಯೂಟರನ್ನು ಇಂಟರ್ನೆಟ್ಟಿನಿಂದ ಬಿಡಿಸಿ. ಬೇರೆ ಸಾಧನದಿಂದ ಗೂಗಲ್ ಖಾತೆಯನ್ನು ಮರಳಿ ಪಡೆದು, ಲಾಗಿನ್ ಆಗಿರುವ ಎಲ್ಲ ಸಾಧನಗಳನ್ನೂ ಹೊರಹಾಕಿ, ಪಾಸ್‌ವರ್ಡ್ ಬದಲಿಸಿ, ಪರ್ಮಿಷನ್ಸ್ ಪಟ್ಟಿಯಲ್ಲಿ ಅಪರಿಚಿತ ಹೆಸರಿದ್ದರೆ ತೆಗೆಯಿರಿ. ನಿಮ್ಮ ಚಾನೆಲ್ ನಂಬಿ ಯಾರಾದರೂ ಹಣ ಕಳುಹಿಸಿದ್ದರೆ ಅವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಲಿ. ನೀವು ಜಿಲ್ಲೆಯಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಪೊಲೀಸ್ ಠಾಣೆಯಲ್ಲಿ (ಸಿಇಎನ್) ದೂರು ಕೊಡಿ.