ಗರ್ಭನಾಳ ಮರುಜೋಡಣೆ ಮತ್ತು ಆಮೇಲಿನ ಬಸಿರು: ಒಂದು ಆಸ್ಪತ್ರೆ ವಿಭಾಗದ ಸೇವೆಯ ವಿಮರ್ಶೆ

25ನೆಯ ವಯಸ್ಸಿನಲ್ಲಿ, ಎರಡನೆಯ ಹೆರಿಗೆಯ ಮರುದಿನವೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ನಾನು, ಮರುಮದುವೆಯ ಬಳಿಕ, 35ನೆಯ ವಯಸ್ಸಿನಲ್ಲಿ, ಆಗ ಕತ್ತರಿಸಿದ್ದ ಗರ್ಭನಾಳಗಳನ್ನು (ಅಂಡಾಣುವನ್ನು ಅಂಡಾಶಯದಿಂದ ಗರ್ಭಕೋಶಕ್ಕೆ ಒಯ್ಯುವ ನಾಳಗಳನ್ನು) ಮತ್ತೆ ಜೋಡಿಸಿಕೊಳ್ಳಲು ಒಂದು ಆಸ್ಪತ್ರೆಯ ಬಂಜೆತನ ಚಿಕಿತ್ಸಾ ವಿಭಾಗಕ್ಕೆ ಹೋದೆ. ಆ ವಿಭಾಗದ ಸೇವೆಯನ್ನು ಕುರಿತು ಇಲ್ಲಿ ಬರೆಯುತ್ತಿದ್ದೇನೆ. ಕೆಲವು ದೂರುಗಳೂ ಇರುವುದರಿಂದ ಆಸ್ಪತ್ರೆಯ ಹೆಸರನ್ನು ಹೇಳುವುದಿಲ್ಲ. ಶಸ್ತ್ರಚಿಕಿತ್ಸೆ ಚೆನ್ನಾಗಿತ್ತು, ಅದಕ್ಕೆ ಮುಂಚಿನ ವಿಚಾರಣೆ ಇನ್ನೂ ಚೆನ್ನಾಗಿತ್ತು. ಗರ್ಭ ನಿಂತ ಮೇಲಿನ ಮೊದಲ ಎರಡು ವಾರಗಳಲ್ಲಿ, ಅಂದರೆ ಅವರ ಅಗತ್ಯ ಎಲ್ಲಕ್ಕಿಂತ ಹೆಚ್ಚಾಗಿದ್ದ ಹೊತ್ತಿನಲ್ಲಿ, ವಿಭಾಗವು ನನ್ನ ಕೈಬಿಟ್ಟಿತು.

ಮೊದಲ ಭೇಟಿಯಲ್ಲಿ ವೈದ್ಯೆ ಕೇಳಿದ್ದು ಹತ್ತು ವರ್ಷ ಹಿಂದಿನ ಆಪರೇಷನ್ನಿನ ಕಾಗದಗಳನ್ನು. ಯಾವ ವಿಧಾನದಲ್ಲಿ ನಾಳವನ್ನು ಮುಚ್ಚಿದ್ದಾರೆ ಎಂಬುದು ಗೊತ್ತಾಗದೆ ದಿನ ಗೊತ್ತುಮಾಡುವುದಿಲ್ಲ ಎಂದು ಅವರು ಹೇಳಿದಾಗ ನನಗೆ ಬೇಸರವಾಗಿತ್ತು. ಆ ಕಾಗದಕ್ಕಾಗಿ ಮೂರು ಬಾರಿ ಹಳೆಯ ಆಸ್ಪತ್ರೆಯ ದಾಖಲೆ ಕೊಠಡಿಗೆ ಅಲೆಯಬೇಕಾಯಿತು. ಕಾರಣ ತಿಳಿದ ಮೇಲೆ ಬೇಸರ ಹೋಯಿತು. ಗರ್ಭನಾಳದ ಸಹಜ ಉದ್ದ ಸುಮಾರು 10ರಿಂದ 12 ಸೆಂಟಿಮೀಟರ್. ಕ್ಲಿಪ್ ಅಥವಾ ರಿಂಗ್ ಹಾಕಿದ್ದರೆ ಹಾಳಾಗುವ ಭಾಗ ಚಿಕ್ಕದು. ನಾಳವನ್ನು ಮಡಿಸಿ, ಕಟ್ಟಿ, ಮಡಿಕೆಯನ್ನು ಕತ್ತರಿಸುವ ಪೊಮೆರಾಯ್ ವಿಧಾನದಲ್ಲಿ ಅದಕ್ಕಿಂತ ತುಸು ಹೆಚ್ಚು. ವಿದ್ಯುತ್ತಿನಿಂದ ಹಲವು ಕಡೆ ಸುಟ್ಟಿದ್ದರೆ ಜೋಡಿಸಲು ಉಳಿಯುವುದೇ ಕಡಿಮೆ. ಅಂಡಾಶಯದ ಬದಿಗಿರುವ, ಬೆರಳುಗಳಂತೆ ಬಿಚ್ಚಿಕೊಂಡ ಫಿಂಬ್ರಿಯಾ ಭಾಗವನ್ನೇ ತೆಗೆದುಹಾಕಿದ್ದರೆ ಅಂಡಾಣುವನ್ನು ಒಳಗೆಳೆದುಕೊಳ್ಳುವ ಬಾಯಿಯೇ ಇರುವುದಿಲ್ಲವಾದ್ದರಿಂದ, ಅಂಥವರಿಗೆ ಸಾಮಾನ್ಯವಾಗಿ ನಾಳ ಜೋಡಣೆಯನ್ನು ಸೂಚಿಸುವುದಿಲ್ಲ. ನನ್ನದು ಪೊಮೆರಾಯ್ ಎಂದು ದಾಖಲೆಯಲ್ಲಿತ್ತು. ಜೋಡಿಸಿದ ಮೇಲೆ ಕನಿಷ್ಠ 4 ಸೆಂಟಿಮೀಟರಿನಷ್ಟಾದರೂ ನಾಳ ಉಳಿದರೆ ಮುಂದುವರಿಯಬಹುದು, ಹೊಟ್ಟೆ ತೆರೆದು ನೋಡಿದಾಗ ಅಷ್ಟು ಸಿಗದಿದ್ದರೆ ಜೋಡಿಸದೆ ಮುಚ್ಚಿಬಿಡುತ್ತೇವೆ, ಅದಕ್ಕೂ ಈಗಲೇ ಒಪ್ಪಿಗೆ ಬೇಕು ಎಂದರು. ಈ ಮಾತನ್ನು ಮುಂಚಿತವಾಗಿ ಹೇಳುವವರನ್ನು ನಂಬಬಹುದು ಎಂದು ನನಗೆ ಅಂದೇ ಅನ್ನಿಸಿತು.

ಎರಡನೆಯ ಷರತ್ತು ನನ್ನ ಪತಿಯವರ ವೀರ್ಯ ಪರೀಕ್ಷೆ. ನಾಳ ನನ್ನದು, ಗಾಯ ನನ್ನದು, ಅವರ ಪರೀಕ್ಷೆ ಏಕೆ ಎಂದು ಹಿರಿಯರೊಬ್ಬರು ಕೇಳಿದ್ದರು. ವೀರ್ಯಾಣುಗಳ ಸಂಖ್ಯೆಯೋ ಚಲನೆಯೋ ತೀರಾ ಕಡಿಮೆಯಿದ್ದರೆ ನಾಳವನ್ನು ಎಷ್ಟು ಅಂದವಾಗಿ ಜೋಡಿಸಿದರೂ ಬಸಿರು ನಿಲ್ಲುವುದು ಕಷ್ಟ. ಆಗ ನೇರವಾಗಿ, ಅಂಡಾಣುವನ್ನು ದೇಹದ ಹೊರಗೆ ವೀರ್ಯಾಣುವಿನೊಂದಿಗೆ ಸೇರಿಸಿ ಭ್ರೂಣವನ್ನು ಗರ್ಭಕೋಶದಲ್ಲಿಡುವ ಐವಿಎಫ್‌ಗೆ ಹೋಗುವುದೇ ಸರಿ, ಸುಮ್ಮನೆ ಒಂದು ಶಸ್ತ್ರಚಿಕಿತ್ಸೆಯ ನೋವು ಏಕೆ? ನನಗೆ, ಅಂಡಾಣುಗಳ ಸಂಗ್ರಹ ಎಷ್ಟು ಉಳಿದಿದೆ ಎಂದು ಅಂದಾಜಿಸುವ ಎಎಂಎಚ್ ರಕ್ತಪರೀಕ್ಷೆ ಮತ್ತು ಅಂಡಾಶಯದ ಸ್ಕ್ಯಾನಿಂಗ್ ಆದವು. ಐವಿಎಫ್ ಮತ್ತು ನಾಳ ಜೋಡಣೆಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ವಿವರಿಸಿದ್ದು ನನಗೆ ತುಂಬಾ ಹಿಡಿಸಿತು. ಐವಿಎಫ್‌ನಲ್ಲಿ ನಾಳದ ಅಗತ್ಯವಿಲ್ಲ, ಫಲಿತಾಂಶ ಬೇಗ ಗೊತ್ತಾಗುತ್ತದೆ, ಆದರೆ ಪ್ರತಿ ಪ್ರಯತ್ನಕ್ಕೂ ಚುಚ್ಚುಮದ್ದುಗಳ ಸರಣಿ ಹೊಸದಾಗಿ ಶುರುವಾಗುತ್ತದೆ. ಜೋಡಣೆಯಲ್ಲಿ ಒಮ್ಮೆ ಗಾಯವಾದರೆ ಆಮೇಲೆ ತಿಂಗಳು ತಿಂಗಳೂ ಸಹಜವಾಗಿ ಪ್ರಯತ್ನಿಸಬಹುದು. ನಲವತ್ತರ ಹತ್ತಿರ ಬಂದವರಿಗೆ ತಿಂಗಳುಗಟ್ಟಲೆ ಕಾಯುವ ಅವಕಾಶ ಇರುವುದಿಲ್ಲವಾದ್ದರಿಂದ ತಕ್ಕಡಿ ಐವಿಎಫ್ ಕಡೆಗೆ ವಾಲುತ್ತದೆ ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು.

ಇಲ್ಲಿ ನನ್ನ ಮೊದಲ ಆಕ್ಷೇಪ. ವಿಭಾಗದ ಆಪ್ತಸಮಾಲೋಚಕಿ ಕೈಗಿತ್ತ ಬಣ್ಣದ ಹಾಳೆಯಲ್ಲಿ ಯಶಸ್ಸಿನ ಪ್ರಮಾಣ ಶೇಕಡ 90ಕ್ಕಿಂತ ಹೆಚ್ಚು ಎಂದು ದೊಡ್ಡ ಅಕ್ಷರದಲ್ಲಿ ಅಚ್ಚಾಗಿತ್ತು. ವೈದ್ಯೆಯನ್ನು ಕೇಳಿದಾಗ ತಿಳಿದದ್ದೇನೆಂದರೆ, ಅದು ಜೋಡಿಸಿದ ನಾಳ ತೆರೆದುಕೊಂಡಿರುವ ಪ್ರಮಾಣವೇ ಹೊರತು ಬಸಿರಾದವರ ಪ್ರಮಾಣವಲ್ಲ, ಮಗುವನ್ನು ಮನೆಗೆ ಕರೆದೊಯ್ದವರ ಪ್ರಮಾಣವಂತೂ ಅಲ್ಲವೇ ಅಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಜೋಡಣೆಯ ನಂತರ ಬಸಿರಾದವರು ಶೇಕಡ 42ರಿಂದ 69ರಷ್ಟು. ಅದರಲ್ಲಿಯೂ ವಯಸ್ಸು ಏರಿದಷ್ಟೂ ಅಂಕಿ ಇಳಿಯುತ್ತದೆ. ವೈದ್ಯೆ ಇದನ್ನು ಮುಚ್ಚಿಡಲಿಲ್ಲ, ನಿಜ. ಆದರೆ ಕೇಳುವಷ್ಟು ಧೈರ್ಯವಿಲ್ಲದೆ ಹಾಳೆಯನ್ನೇ ನಂಬಿ ಹಿಂದಿರುಗುವವರ ಗತಿಯೇನು? ಮಗುವಿಗಾಗಿ ಹಂಬಲಿಸಿ ಬಂದವರ ಕೈಗೆ ಇಂಥ ಹಾಳೆಯನ್ನು ಕೊಡುವುದು ಪ್ರಾಮಾಣಿಕತನವಲ್ಲ.

ಶಸ್ತ್ರಚಿಕಿತ್ಸೆಯ ಬಗ್ಗೆ ಹೆಚ್ಚು ಹೇಳುವುದಕ್ಕೇನೂ ಇಲ್ಲ, ನಾನು ಅರಿವಳಿಕೆಯಲ್ಲಿದ್ದೆ. ಕೆಳಹೊಟ್ಟೆಯಲ್ಲಿ ಚಿಕ್ಕ ಗಾಯ ಮಾಡಿ, ಸೂಕ್ಷ್ಮದರ್ಶಕದಡಿ, ಕೂದಲಿಗಿಂತ ತೆಳುವಾದ ದಾರದಿಂದ ತುದಿಗಳನ್ನು ಹೊಲಿಯುವ ಈ ಮೈಕ್ರೋಸರ್ಜರಿ ಪದ್ಧತಿ 1970ರ ದಶಕದಲ್ಲಿ ಬೆಳೆದು ಬಂದದ್ದು. ಲ್ಯಾಪ್ರೋಸ್ಕೋಪಿಯಲ್ಲಿಯೂ ಇದನ್ನು ಮಾಡುತ್ತಾರೆ. ಕೊನೆಯಲ್ಲಿ ಗರ್ಭಕೋಶದ ಕಡೆಯಿಂದ ನೀಲಿ ದ್ರಾವಣವನ್ನು ಹರಿಸಿ, ಅದು ಎರಡೂ ನಾಳಗಳ ತುದಿಯಿಂದ ಹೊರಬಂದುದನ್ನು ನೋಡಿಯೇ ಹೊಟ್ಟೆಯನ್ನು ಮುಚ್ಚಿದರಂತೆ. ಎಡನಾಳ 6 ಸೆಂಟಿಮೀಟರ್, ಬಲನಾಳ ನಾಲ್ಕೂವರೆ ಎಂದು ಅಳತೆಯನ್ನು ಬರೆದು, ಚಿತ್ರ ಬಿಡಿಸಿ, ಡಿಸ್ಚಾರ್ಜ್ ಪತ್ರದಲ್ಲಿ ಸೇರಿಸಿದ್ದರು. ಹತ್ತು ವರ್ಷ ಹಿಂದಿನ ಕಾಗದಕ್ಕಾಗಿ ಅಲೆದವಳಿಗೆ ಆ ಅಚ್ಚುಕಟ್ಟಿನ ಬೆಲೆ ಗೊತ್ತು. ಗಾಯ ಮಾಗಿ ಒಂದೆರಡು ಮುಟ್ಟು ಕಳೆಯುವವರೆಗೆ ಕಾಯಿರಿ ಎಂದರು, ಕಾದೆವು.

ಫೋಲಿಕ್ ಆಮ್ಲದ ಮಾತ್ರೆಯನ್ನು ಆಗಲೇ, ಬಸಿರಿಗೆ ಮೊದಲೇ, ಆರಂಭಿಸಿದ್ದು ಈ ಸೇವೆಯ ಒಳ್ಳೆಯ ಅಂಶಗಳಲ್ಲೊಂದು. ಮಗುವಿನ ಮೆದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ನರಕೊಳವೆ ಗರ್ಭಧಾರಣೆಯಾಗಿ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಎಂದರೆ ಮುಟ್ಟು ತಪ್ಪಿತು ಎಂದು ಗೊತ್ತಾಗಿ, ವೈದ್ಯರ ಸಮಯ ಸಿಕ್ಕು, ಚೀಟಿ ಬರೆಸಿಕೊಳ್ಳುವ ಹೊತ್ತಿಗೆ ಆ ಕೆಲಸ ಹೆಚ್ಚುಕಡಿಮೆ ಮುಗಿದಿರುತ್ತದೆ. ಹಾಗಾಗಿ ಪ್ರಯತ್ನ ಆರಂಭಿಸುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲಿನಿಂದ ದಿನಕ್ಕೆ 400 ಮೈಕ್ರೋಗ್ರಾಂ ತೆಗೆದುಕೊಂಡು 12 ವಾರ ತುಂಬುವವರೆಗೆ ಮುಂದುವರಿಸಬೇಕು. ಹಿಂದಿನ ಮಗುವಿಗೆ ನರಕೊಳವೆಯ ದೋಷವಿದ್ದವರಿಗೆ ಹಾಗೂ ಅಪಸ್ಮಾರದ ಕೆಲವು ಮಾತ್ರೆಗಳನ್ನು ನುಂಗುವವರಿಗೆ ವೈದ್ಯರು ಇದಕ್ಕಿಂತ ಹೆಚ್ಚಿನ ಪ್ರಮಾಣವನ್ನು ಬರೆಯುತ್ತಾರೆ. ಮೊದಲೆರಡು ಬಸಿರುಗಳಲ್ಲಿ ನನಗೆ ಇದನ್ನು ಯಾರೂ ಹೇಳಿರಲಿಲ್ಲ.

ಅಂಡಾಣು ಬಿಡುಗಡೆಯನ್ನು ಗುರುತಿಸುವ ಪಟ್ಟಿಗಳನ್ನು ವಿಭಾಗವೇ ಒದಗಿಸಿತು. ಮೂತ್ರದಲ್ಲಿ ಎಲ್‌ಎಚ್ ಹಾರ್ಮೋನು ಏರಿದ ಮೇಲೆ ಸಾಮಾನ್ಯವಾಗಿ 24ರಿಂದ 36 ಗಂಟೆಗಳಲ್ಲಿ ಅಂಡಾಣು ಹೊರಬರುತ್ತದೆ, ಅದರ ಆಯುಸ್ಸು ಒಂದು ದಿನವೂ ಮೀರದು, ವೀರ್ಯಾಣುಗಳಾದರೆ ಐದು ದಿನಗಳವರೆಗೂ ಬದುಕಿರಬಲ್ಲವು. ಆದ್ದರಿಂದ ಪಟ್ಟಿಯಲ್ಲಿ ಗೆರೆ ಮೂಡುವುದನ್ನೇ ಕಾಯುವುದಕ್ಕಿಂತ ಆ ವಾರವಿಡೀ ಜೊತೆಗಿರುವುದು ಲೇಸು. ಎರಡು ತಿಂಗಳ ಮೇಲೆ ನಾನು ಪಟ್ಟಿಗಳನ್ನು ಬಿಟ್ಟೆ. ಗಂಡಹೆಂಡಿರ ಸಂಬಂಧವನ್ನು ಪ್ರಯೋಗಾಲಯ ಮಾಡುವ ಗುಣ ಅವಕ್ಕಿದೆ.

ಎಂಟನೆಯ ತಿಂಗಳಿನಲ್ಲಿ ಮುಟ್ಟು ನಿಂತಿತು. ಈಗ ಮುಖ್ಯ ದೂರಿಗೆ ಬರುತ್ತೇನೆ. ಜೋಡಿಸಿದ ನಾಳದಲ್ಲಿ ಹೊಲಿಗೆಯ ಕಲೆ ಉಳಿದಿರುವುದರಿಂದ ಭ್ರೂಣವು ಗರ್ಭಕೋಶವನ್ನು ತಲುಪದೆ ನಾಳದಲ್ಲಿಯೇ ಬೇರೂರುವ ಸಂಭವ ಇತರರಿಗಿಂತ ಹೆಚ್ಚು. ಎಲ್ಲ ಬಸಿರುಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಇದು ನೂರರಲ್ಲಿ ಒಂದೆರಡು. ಜೋಡಣೆಯ ನಂತರ ಶೇಕಡ 4ರಿಂದ 8ರಷ್ಟು ಎಂದು ಅಧ್ಯಯನಗಳು ಹೇಳುತ್ತವೆ. ಇಂತಹ ಗರ್ಭ ಬೆಳೆದು ನಾಳ ಒಡೆದರೆ ಒಳಗೇ ರಕ್ತಸ್ರಾವವಾಗಿ ತಾಯಿಯ ಜೀವಕ್ಕೆ ಅಪಾಯ. ಬೇಗ ಗೊತ್ತಾದರೆ ಎಷ್ಟೋ ವೇಳೆ ಔಷಧಿಯಲ್ಲೇ ಮುಗಿಸಬಹುದು. ಆದ್ದರಿಂದಲೇ, ಪರೀಕ್ಷೆಯಲ್ಲಿ ಎರಡು ಗೆರೆ ಕಂಡ ದಿನವೇ ಕರೆ ಮಾಡಿ ಎಂದು ಡಿಸ್ಚಾರ್ಜ್ ಪತ್ರದಲ್ಲಿ ಕೆಂಪು ಅಕ್ಷರದಲ್ಲಿ ಬರೆದಿದ್ದರು. ಕರೆ ಮಾಡಿದೆ. ಶನಿವಾರವಾಗಿತ್ತು, ಕೊಟ್ಟಿದ್ದ ಸಂಖ್ಯೆಯನ್ನು ಯಾರೂ ಎತ್ತಲಿಲ್ಲ. ಭಾನುವಾರವೂ ಇಲ್ಲ. ಸೋಮವಾರ ಎತ್ತಿದವರು, ಅಭಿನಂದನೆಗಳು, ಎಂಟು ವಾರ ತುಂಬಿದ ಮೇಲೆ ಬನ್ನಿ ಎಂದರು. ನನ್ನದು ನಾಳ ಜೋಡಿಸಿದ ಪ್ರಕರಣ ಎಂದು ಎರಡು ಸಲ ಹೇಳಿದರೂ ಆ ಕಡೆಯವರಿಗೆ ಅದರ ಅರ್ಥವಾಗಲಿಲ್ಲ.

ಕೊನೆಗೆ ನಾನೇ ಬೇರೊಂದು ಪ್ರಯೋಗಾಲಯದಲ್ಲಿ, ರಕ್ತದಲ್ಲಿ ಬಸಿರಿನ ಹಾರ್ಮೋನನ್ನು ಅಳೆಯುವ ಬೀಟಾ ಎಚ್‌ಸಿಜಿ ಪರೀಕ್ಷೆ ಮಾಡಿಸಿದೆ, 210 ಬಂತು. 48 ಗಂಟೆಗಳ ಬಳಿಕ 455. ಆರಂಭದ ದಿನಗಳಲ್ಲಿ ಈ ಅಂಕಿ ಎರಡು ದಿನಗಳಿಗೊಮ್ಮೆ ಹೆಚ್ಚುಕಡಿಮೆ ಇಮ್ಮಡಿಯಾಗುವುದು ಒಳ್ಳೆಯ ಲಕ್ಷಣ, ನಿಧಾನವಾಗಿ ಏರಿದರೆ ಅನುಮಾನಿಸಬೇಕು. ಆದರೂ ಗರ್ಭ ಎಲ್ಲಿದೆ ಎಂಬುದನ್ನು ಖಚಿತಪಡಿಸುವುದು ಸ್ಕ್ಯಾನಿಂಗ್ ಮಾತ್ರ. ಆ ವರದಿಗಳನ್ನು ಹಿಡಿದು ನೇರವಾಗಿ ಹೋಗಿ ಕುಳಿತಾಗ ವೈದ್ಯೆ ತಮ್ಮ ಸಿಬ್ಬಂದಿಯ ಪರವಾಗಿ ಕ್ಷಮೆ ಕೇಳಿದರು, ಆರನೆಯ ವಾರದಲ್ಲಿ ಸ್ಕ್ಯಾನಿಂಗ್ ಮಾಡಿದರು, ಗರ್ಭಕೋಶದೊಳಗೇ ಭ್ರೂಣದ ಚೀಲ ಕಂಡಿತು. ಒಂದೇ ಪಕ್ಕದಲ್ಲಿ ನೋವು, ಅಸಹಜ ರಕ್ತಸ್ರಾವ, ತಲೆಸುತ್ತಿ ಬೀಳುವಂತಾಗುವುದು, ಭುಜದ ತುದಿಯಲ್ಲಿ ಕಾರಣವಿಲ್ಲದ ನೋವು ಇವುಗಳಲ್ಲಿ ಯಾವುದು ಕಂಡರೂ ಕರೆ ಮಾಡುತ್ತ ಕೂರದೆ ತುರ್ತು ಚಿಕಿತ್ಸೆಗೆ ಓಡಿಬರಬೇಕು ಎಂದು ಅವರು ಅಂದು ಹೇಳಿದ ಮಾತು, ಆ ಶನಿವಾರಕ್ಕೆ ಮೊದಲೇ ನನ್ನ ಕಿವಿಗೆ ಬೀಳಬೇಕಾಗಿತ್ತು. ನನಗೆ ಏನೂ ಆಗಲಿಲ್ಲ ಎಂಬ ಕಾರಣಕ್ಕೆ ಇದನ್ನು ಸಣ್ಣ ಲೋಪವೆಂದು ಬಿಡಲಾರೆ.

ಅಲ್ಲಿಂದ ಮುಂದಿನ ಆರೈಕೆಯಲ್ಲಿ ನನಗೆ ಹೊಸದಾಗಿ ಮನವರಿಕೆಯಾದ ಒಂದು ಸಂಗತಿಯಿದೆ. ಗರ್ಭವು ಕೋಶದೊಳಗೆ ಸರಿಯಾಗಿ ನೆಲೆಸಿದ ಮೇಲೆ ಜೋಡಿಸಿದ ನಾಳದ ಪಾತ್ರ ಮುಗಿಯಿತು. ಆಮೇಲಿನ ಅಪಾಯಗಳು ಬರುವುದು ವಯಸ್ಸಿನಿಂದ ಮತ್ತು ಹಿಂದಿನ ಹೆರಿಗೆಯಿಂದೀಚೆಗಿನ ದೀರ್ಘ ಅಂತರದಿಂದ. ಮರುಜೋಡಣೆಗೆ ಬರುವವರಲ್ಲಿ ಅನೇಕರಿಗೆ ಇವೆರಡೂ ಇರುತ್ತವೆ. ಹತ್ತು ವರ್ಷಕ್ಕಿಂತ ಹೆಚ್ಚಿನ ಅಂತರ ಬಸಿರಿನ ರಕ್ತದೊತ್ತಡದ ಸಮಸ್ಯೆಗೆ ಒಂದು ಕಾರಣವೆಂದು ಪರಿಗಣಿತವಾಗಿದೆ. 35 ದಾಟಿದ ವಯಸ್ಸನ್ನೂ ಅದರೊಂದಿಗೆ ಸೇರಿಸಿ ನೋಡಿ, ನನಗೆ 12ನೆಯ ವಾರದಿಂದ ರಾತ್ರಿಗೊಂದು ಕಡಿಮೆ ಪ್ರಮಾಣದ ಆಸ್ಪಿರಿನ್ ಬರೆದರು. ಇದು ಎಲ್ಲ ಗರ್ಭಿಣಿಯರೂ ತಾವಾಗಿಯೇ ನುಂಗುವ ಮಾತ್ರೆಯಲ್ಲ. 20 ವಾರಗಳ ನಂತರ ಒತ್ತಡ 140/90 ತಲುಪಿದರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಮೇಲುಹೊಟ್ಟೆಯಲ್ಲಿ ನೋವು ಬಂದರೆ, ಮುಖ ಇದ್ದಕ್ಕಿದ್ದಂತೆ ಊದಿಕೊಂಡರೆ ತಡಮಾಡದೆ ಬರಬೇಕೆಂದು ಪ್ರತಿ ಭೇಟಿಯಲ್ಲೂ ನೆನಪಿಸುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ಹೇಳಿದ್ದನ್ನೇ ಹೇಳುತ್ತಾರೆ ಎಂದು ಮೊದಮೊದಲು ಅನ್ನಿಸುತ್ತಿತ್ತು. ಕೊನೆಗೆ ಅವೆಲ್ಲ ನನಗೆ ಬಾಯಿಪಾಠವಾಗಿದ್ದವು, ಬಹುಶಃ ಅವರಿಗೆ ಬೇಕಾಗಿದ್ದದ್ದೂ ಅದೇ.

ವಿಭಾಗದ ಆಹಾರದ ಹಾಳೆ ಮಾತ್ರ ಸಪ್ಪೆ: ಪೌಷ್ಟಿಕವಾದುದನ್ನು ತಿನ್ನಿ, ವಿಶ್ರಾಂತಿ ಪಡೆಯಿರಿ ಎಂಬಲ್ಲಿಗೆ ಅದರ ಜ್ಞಾನ ಮುಗಿಯುತ್ತಿತ್ತು. ಇದರ ಕೊರತೆ ಬಯಲಾದದ್ದು 26ನೆಯ ವಾರದಲ್ಲಿ. 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆಯಲ್ಲಿ ಬರಿಹೊಟ್ಟೆಯ ಸಕ್ಕರೆ 96 ಇತ್ತು. 92 ಮುಟ್ಟಿದರೂ ಅದು ಗರ್ಭಾವಸ್ಥೆಯ ಮಧುಮೇಹ. ಆಹಾರತಜ್ಞೆಯ ಬಳಿ ಕಳುಹಿಸಿದ ಮೇಲೆ ಚಿತ್ರ ಬದಲಾಯಿತು. ಅವರು ನಾನು ದಿನವಿಡೀ ಏನನ್ನು, ಎಷ್ಟು, ಯಾವಾಗ ತಿನ್ನುತ್ತೇನೆಂದು ಬರೆಸಿಕೊಂಡು, ನಾನು ತಿನ್ನುತ್ತಿದ್ದುದನ್ನೇ ಆರು ಪಾಲು ಮಾಡಿ ಹಂಚಿದರು, ಪ್ರತಿ ಊಟದ ನಂತರ ಹದಿನೈದು ನಿಮಿಷದ ನಡಿಗೆಯನ್ನು ಸೇರಿಸಿದರು, ಊಟವಾಗಿ ಒಂದು ಗಂಟೆಗೆ ಸಕ್ಕರೆ 140ರ ಕೆಳಗಿರಬೇಕೆಂದು ಗುರಿ ಕೊಟ್ಟರು. ಇನ್ಸುಲಿನ್ ಬೇಕಾಗಲಿಲ್ಲ. ಎರಡು ಜೀವಕ್ಕೆ ಎರಡರಷ್ಟು ತಿನ್ನಬೇಕೆಂಬ ನಂಬಿಕೆಯನ್ನು ಅವರು ನಯವಾಗಿಯೇ ಮುರಿದರು. ಮೊದಲ ಮೂರು ತಿಂಗಳಲ್ಲಿ ಹೆಚ್ಚಿನ ಆಹಾರವೇ ಬೇಕಿಲ್ಲ, ಆಮೇಲೆ ಬೇಕಾಗುವುದೂ ಅಲ್ಪವೇ. ಇಂಥವರೊಬ್ಬರು ವಿಭಾಗದಲ್ಲಿಯೇ ಇರುವಾಗ, ರೋಗ ಬಂದ ಮೇಲಷ್ಟೇ ಅವರ ಬಾಗಿಲು ತೋರಿಸುವುದೇಕೆ?

ಎಂಟನೆಯ ತಿಂಗಳಲ್ಲಿ ನಮ್ಮ ವೈದ್ಯೆ ರಜೆಯಲ್ಲಿದ್ದಾಗ ನೋಡಿದ ಮತ್ತೊಬ್ಬರು, ಇಷ್ಟು ಕಷ್ಟಪಟ್ಟು ಪಡೆದ ಮಗು, ಸಿಸೇರಿಯನ್ ಮಾಡಿಬಿಡೋಣ ಎಂದರು. ಉಳಿದ ಮಕ್ಕಳು ಕಷ್ಟಪಡದೆ ಬಂದವೇ ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ. ನಮ್ಮ ವೈದ್ಯೆ ಮರಳಿ ಬಂದು, ನಾಳ ಜೋಡಣೆಯೊಂದೇ ಸಿಸೇರಿಯನ್‌ಗೆ ಕಾರಣವಾಗುವುದಿಲ್ಲ, ಹೊಲಿಗೆ ಹಾಕಿದ್ದು ನಾಳಕ್ಕೇ ಹೊರತು ಗರ್ಭಕೋಶದ ಗೋಡೆಗಲ್ಲ ಎಂದು ಸ್ಪಷ್ಟಪಡಿಸಿದರು. 39ನೆಯ ವಾರದಲ್ಲಿ ಸಹಜ ಹೆರಿಗೆಯಾಯಿತು. ಆರು ವಾರಗಳ ನಂತರ ಸಕ್ಕರೆಯ ಪರೀಕ್ಷೆಯನ್ನು ಮತ್ತೆ ಮಾಡಿಸಲು ಮರೆಯದಂತೆ ಚೀಟಿ ಬರೆದುಕೊಟ್ಟರು.

ನಾಳದ ಉದ್ದ ಸಾಲುವಂತಿದ್ದು, ವಯಸ್ಸು ಇನ್ನೂ ಮೂವತ್ತರ ಮಧ್ಯವನ್ನು ದಾಟದಿದ್ದು, ಪತಿಯ ಪರೀಕ್ಷೆ ಸರಿಯಿರುವವರು ಈ ವಿಭಾಗಕ್ಕೆ ಧೈರ್ಯವಾಗಿ ಹೋಗಬಹುದು. ಆದರೆ ರಜಾದಿನಗಳಲ್ಲಿಯೂ ಕರೆ ಎತ್ತುವವರು ಯಾರು ಎಂಬುದನ್ನು ಹೆಸರು, ಸಂಖ್ಯೆಗಳ ಸಹಿತ ಬರೆಸಿಕೊಳ್ಳದೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ. ಸುಟ್ಟು ಮುಚ್ಚಿದ ನಾಳದವರಿಗೂ ನಲವತ್ತರ ಸಮೀಪದವರಿಗೂ ನಾನು ಇದನ್ನು ಸೂಚಿಸಲಾರೆ. ಆ ವಿಭಾಗವೂ ಅಂಥವರನ್ನು ಐವಿಎಫ್ ಕಡೆಗೇ ಕಳುಹಿಸುತ್ತದೆ.

ಮನೆಗೆ ಹೊರಡುವ ದಿನ ಅದೇ ಸಿಸ್ಟರ್ ಬಂದು, ನಾಳಗಳು ಈಗ ತೆರೆದಿವೆ, ಮುಂದಕ್ಕೆ ಏನು ಮಾಡುತ್ತೀರಿ ಎಂದು ಕೇಳಿದರು. ಮತ್ತೆ ಆಪರೇಷನ್ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ, ಹೆರಿಗೆಯ ಮರುದಿನ ಅದನ್ನು ನಿರ್ಧರಿಸಬೇಡಿ, ಸದ್ಯಕ್ಕೆ ಕಾಪರ್-ಟಿ ಇದೆ, ಅದನ್ನು ಬೇಕೆಂದಾಗ ತೆಗೆಸಬಹುದು ಎಂದರು.