ಗೋಲ್ಡ್ ದರ್ಜೆಯ ಬೆನ್ನು ಹತ್ತಿದ ಆರು ವರ್ಷಗಳ ಲೆಕ್ಕ

ಡಿಸೆಂಬರ್ ತಿಂಗಳ ಕೊನೆಯ ವಾರದಲ್ಲಿ ಒಮ್ಮೆ ನಾನು ವಿಮಾನವೇರಿ ಇನ್ನೊಂದು ಊರಿನಲ್ಲಿ ಇಳಿದು, ನಿಲ್ದಾಣದಿಂದ ಹೊರಗೆ ಕಾಲಿಡದೆ, ಅದೇ ವಿಮಾನದಲ್ಲಿ, ಅದೇ ಸಿಬ್ಬಂದಿಯ ಸೋಜಿಗದ ನೋಟವನ್ನು ಎದುರಿಸಿ ಮರಳಿ ಬಂದೆ. ಆ ಊರಿನಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ; ಪದೇ ಪದೇ ಹಾರುವವರಿಗೆ ವಿಮಾನ ಸಂಸ್ಥೆ ಕೊಡುವ ಗೋಲ್ಡ್ ಸದಸ್ಯತ್ವದ ದರ್ಜೆಗೆ ಎರಡು ಹಾರಾಟಗಳು ಕಡಿಮೆ ಬಿದ್ದಿದ್ದವು, ವರ್ಷ ಮುಗಿಯಲು ನಾಲ್ಕು ದಿನಗಳಿದ್ದವು. ಈ ಗೀಳು ಹತ್ತಿದವರು ಇದನ್ನು ಮೈಲೇಜ್ ರನ್ ಎನ್ನುತ್ತಾರೆ. ಬೇಡದ ಕೊಠಡಿಯನ್ನು ಕಾದಿರಿಸಿ ಹೋಟೆಲ್ ರಾತ್ರಿಗಳ ಲೆಕ್ಕ ತುಂಬಿಸಿಕೊಳ್ಳುವುದಕ್ಕೆ ಮ್ಯಾಟ್ರೆಸ್ ರನ್ ಎಂಬ ಹೆಸರಿದೆ. ನಾನು ಎರಡನ್ನೂ ಮಾಡಿದ್ದೇನೆ; ಒಂದು ವಿಮಾನ ಸಂಸ್ಥೆಯ ಮತ್ತು ಒಂದು ಹೋಟೆಲ್ ಸಮೂಹದ ಮೇಲ್ದರ್ಜೆಯ ಸದಸ್ಯತ್ವವನ್ನು ಆರು ವರ್ಷ ಉಳಿಸಿಕೊಂಡಿದ್ದೇನೆ. ಆ ಅನುಭವದ ಬಲದಿಂದ, ಈ ಸರಕು ಅದಕ್ಕೆ ತೆರುವ ಬೆಲೆಗೆ ತಕ್ಕುದೇ ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇನೆ.

ಮೊದಲಿಗೆ ಹೇಳಬೇಕಾದದ್ದೆಂದರೆ, ನಾನು ಮಾಡಿದಂತಹ ಓಟಕ್ಕೆ ಈಗ ಹಲವು ಸಂಸ್ಥೆಗಳಲ್ಲಿ ಅರ್ಥವೇ ಉಳಿದಿಲ್ಲ. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಅಡ್ವಾಂಟೇಜ್ ಎಂಬ ತನ್ನ ಸದಸ್ಯತ್ವ ಯೋಜನೆಯನ್ನು ಆರಂಭಿಸಿದಾಗ ಲೆಕ್ಕ ಹಾಕುತ್ತಿದ್ದುದು ಹಾರಿದ ದೂರವನ್ನು. ಅಗ್ಗದ ಟಿಕೆಟ್ ಕೊಂಡು ದೂರ ಹಾರಿದವನೇ ಜಾಣನಾಗಿದ್ದ. ಡೆಲ್ಟಾ ಸಂಸ್ಥೆ 2015ರಿಂದ ಬಹುಮಾನದ ಮೈಲುಗಳನ್ನು ಟಿಕೆಟ್ಟಿನ ದರಕ್ಕೆ ತಕ್ಕಂತೆ ಕೊಡತೊಡಗಿತು. 2024ರ ಹೊತ್ತಿಗೆ ಅಲ್ಲಿ ದರ್ಜೆಯನ್ನು ನಿರ್ಧರಿಸಲು ವೆಚ್ಚವೊಂದೇ ಅಳತೆಗೋಲಾಗಿ ಉಳಿಯಿತು. ಬ್ರಿಟಿಷ್ ಏರ್‌ವೇಸ್ 2025ರ ಏಪ್ರಿಲ್‌ನಿಂದ ಅದೇ ದಾರಿ ಹಿಡಿದು, ಗೋಲ್ಡ್‌ಗೆ ದರ್ಜೆಯನ್ನು ಅಳೆಯುವ ಟಿಯರ್ ಪಾಯಿಂಟ್‌ಗಳು 20,000 ಬೇಕೆಂದು ನಿಗದಿಪಡಿಸಿತು. ಅರ್ಹ ವೆಚ್ಚದ ಒಂದು ಪೌಂಡಿಗೆ ಒಂದು ಪಾಯಿಂಟ್. ಕಂಪನಿಯ ಖರ್ಚಿನಲ್ಲಿ ಬಿಸಿನೆಸ್ ಕ್ಲಾಸಿನಲ್ಲಿ ಓಡಾಡುವವನಿಗೆ ಇದು ತಾನಾಗಿಯೇ ಒದಗುತ್ತದೆ. ಸ್ವಂತ ಜೇಬಿನಿಂದ ಹಣ ತೆತ್ತು ಇದನ್ನು ಬೆನ್ನಟ್ಟುವವನಾದರೋ ಬಹುಮಾನದ ಬೆಲೆಗಿಂತ ಹೆಚ್ಚನ್ನು ಮುಂಗಡವಾಗಿಯೇ ಕಟ್ಟಿರುತ್ತಾನೆ.

ವಿಮಾನ ಸಂಸ್ಥೆಗಳು ದರ್ಜೆಯನ್ನು ಮಾರುವುದು ಅಪ್‌ಗ್ರೇಡಿನ, ಅಂದರೆ ಹೆಚ್ಚು ಹಣವಿಲ್ಲದೆ ಮೇಲಿನ ಕ್ಲಾಸಿನ ಆಸನ ಸಿಗುವ, ಆಸೆ ತೋರಿಸಿ. ನನ್ನ ಅನುಭವದಲ್ಲಿ ಅದರಷ್ಟು ನೆಚ್ಚಲಾಗದ ಸೌಲಭ್ಯ ಇನ್ನೊಂದಿಲ್ಲ. ಮುಂದಿನ ಸಾಲಿನ ಖಾಲಿ ಆಸನಗಳನ್ನು ಸಂಸ್ಥೆಗಳು ಕೊನೆಯ ಗಳಿಗೆಯವರೆಗೂ ರಿಯಾಯಿತಿ ದರದಲ್ಲಿ ಮಾರಲು ನೋಡುತ್ತವೆ. ಮಾರಾಟವಾಗದೆ ಉಳಿದದ್ದು ನನಗಿಂತ ಮೇಲಿನ ದರ್ಜೆಯವರ ಪಾಲಾಗುತ್ತದೆ. ‘ಲಭ್ಯವಿದ್ದರೆ ಮಾತ್ರ’ ಎಂಬ ಷರತ್ತು ಮೂಗಿಗೆ ತುಪ್ಪ ಸವರುವ ಕೆಲಸವನ್ನು ಬಹಳ ಅಚ್ಚುಕಟ್ಟಾಗಿ ಮಾಡುತ್ತದೆ. ಆದರೆ ಯಾರೂ ಜಾಹೀರಾತಿನಲ್ಲಿ ಹಾಕದ ಒಂದು ಲಾಭವಿದೆ. ಹವಾಮಾನ ಕೆಟ್ಟು ನಾನು ಹೋಗಬೇಕಿದ್ದ ವಿಮಾನ ರದ್ದಾದ ರಾತ್ರಿ, ಕೌಂಟರಿನ ಮುಂದೆ ಹನುಮಂತನ ಬಾಲದಂತಹ ಸಾಲು ಬೆಳೆಯುತ್ತಿರುವಾಗ, ಮೇಲ್ದರ್ಜೆಯವರಿಗಾಗಿಯೇ ಇರುವ ದೂರವಾಣಿ ಸಂಖ್ಯೆಗೆ ಕರೆ ಮಾಡಿ ಐದು ನಿಮಿಷದಲ್ಲಿ ಮರುದಿನ ಬೆಳಗಿನ ಮೊದಲ ವಿಮಾನದಲ್ಲಿ ಆಸನ ಪಡೆದೆ. ಆರು ವರ್ಷಗಳಲ್ಲಿ ಇಂತಹ ಸಂದರ್ಭ ಮೂರು ಬಾರಿ ಬಂದಿತು, ಮೂರು ಬಾರಿಯೂ ದರ್ಜೆ ಕೈಹಿಡಿಯಿತು.

ಹಲವು ವಿಮಾನ ಸಂಸ್ಥೆಗಳು ಸೇರಿ ಮಾಡಿಕೊಂಡ ಮೈತ್ರಿಕೂಟಗಳ ಪ್ರಯೋಜನವನ್ನೂ ಕಡೆಗಣಿಸುವಂತಿಲ್ಲ. 1997ರಲ್ಲಿ ಐದು ಸಂಸ್ಥೆಗಳು ಸೇರಿ ಕಟ್ಟಿದ ಸ್ಟಾರ್ ಅಲಯನ್ಸ್‌ನಲ್ಲಿ ಗೋಲ್ಡ್ ಆದವರು ಇಕಾನಮಿ ಟಿಕೆಟ್ ಹಿಡಿದಿದ್ದರೂ ನಿಲ್ದಾಣದ ವಿಶ್ರಾಂತಿ ಕೋಣೆಯಾದ ಲೌಂಜಿಗೆ ಹೋಗಬಹುದು, ಹೆಚ್ಚುವರಿ ಲಗೇಜು ಒಯ್ಯಬಹುದು. ಇನ್ನೊಂದು ಕೂಟವಾದ ಒನ್‌ವರ್ಲ್ಡ್‌ನಲ್ಲಿ ಸಫೈರ್ ದರ್ಜೆ ಇದ್ದರೆ ಬಿಸಿನೆಸ್ ಲೌಂಜ್, ಅದಕ್ಕೂ ಮೇಲಿನ ಎಮರಾಲ್ಡ್ ಇದ್ದರೆ ಫಸ್ಟ್ ಕ್ಲಾಸ್ ಲೌಂಜ್. ಲೌಂಜುಗಳಲ್ಲಿ ಈಗ ಕುರ್ಚಿ ಹುಡುಕಬೇಕಾದ ಸ್ಥಿತಿ ಬಂದಿದೆ ಎಂಬುದು ಬೇರೆ ಮಾತು.

ಹೋಟೆಲುಗಳ ವಿಷಯದಲ್ಲಿ ನನ್ನ ತೀರ್ಮಾನ ಇಷ್ಟು ಕಟುವಾಗಿಲ್ಲ, ಏಕೆಂದರೆ ಅಲ್ಲಿ ಸಿಗುವುದು ಹೆಚ್ಚು ಖಚಿತ. ಆದರೆ ಯಾವ ಮೆಟ್ಟಿಲಿನಲ್ಲಿ ನಿಂತಿದ್ದೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮ್ಯಾರಿಯಟ್ ಹೋಟೆಲುಗಳ ಸದಸ್ಯತ್ವ ಯೋಜನೆಯಾದ ಬಾನ್‌ವಾಯ್‌ನಲ್ಲಿ ವರ್ಷಕ್ಕೆ 10 ರಾತ್ರಿಗೆ ಸಿಲ್ವರ್, 25ಕ್ಕೆ ಗೋಲ್ಡ್, 50ಕ್ಕೆ ಪ್ಲಾಟಿನಂ, 75ಕ್ಕೆ ಟೈಟಾನಿಯಂ. ಇದರ ಮೇಲೆ 100 ರಾತ್ರಿಗಳ ಜೊತೆಗೆ 23,000 ಡಾಲರ್ ವೆಚ್ಚವನ್ನೂ ಕೇಳುವ ಅಂಬಾಸಡರ್. ಲೌಂಜ್ ಪ್ರವೇಶ, ಸಂಜೆ ನಾಲ್ಕರವರೆಗೆ ಕೊಠಡಿ ಉಳಿಸಿಕೊಳ್ಳುವ ಅವಕಾಶ ಮುಂತಾದ ನಿಜವಾದ ಸೌಕರ್ಯಗಳು ತೆರೆದುಕೊಳ್ಳುವುದು ಪ್ಲಾಟಿನಂನಿಂದ. ರೆಸಾರ್ಟುಗಳಲ್ಲಿ ಮತ್ತು ಸಮ್ಮೇಳನ ಹೋಟೆಲುಗಳಲ್ಲಿ ಮಾತ್ರ ಆ ನಾಲ್ಕು ಗಂಟೆಯೂ ‘ಲಭ್ಯವಿದ್ದರೆ’. 25ರಿಂದ 49ರವರೆಗಿನ ಹಾದಿ ಬರಿಯ ಬಯಲು. ಅಮೆರಿಕದಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಪ್ಲಾಟಿನಂ ಕಾರ್ಡುಳ್ಳವರಿಗೆ ಮ್ಯಾರಿಯಟ್ ಮತ್ತು ಹಿಲ್ಟನ್ ಎರಡರಲ್ಲೂ ಗೋಲ್ಡ್ ದರ್ಜೆ ಒಂದು ರಾತ್ರಿಯೂ ತಂಗದೆ ಸಿಗುವಾಗ, ಇಪ್ಪತ್ತೈದು ರಾತ್ರಿ ಪರಸ್ಥಳದ ಹಾಸಿಗೆಯಲ್ಲಿ ಮಲಗಿ ಅದನ್ನು ಗಳಿಸಿದವನ ಗೋಲ್ಡಿಗೆ ಏನು ತೂಕವಿದ್ದೀತು? ಹಯಾಟ್‌ನ ಗ್ಲೋಬಲಿಸ್ಟ್ ದರ್ಜೆ 60 ರಾತ್ರಿಗಳನ್ನು ಬೇಡುತ್ತದೆಯಾದರೂ ಬೆಳಗಿನ ಉಪಾಹಾರ, ರೆಸಾರ್ಟ್ ಶುಲ್ಕದ ಮನ್ನಾ, ಖಾಲಿಯಿದ್ದರೆ ಸಾಧಾರಣ ಸ್ಯೂಟ್ ಇವನ್ನು ಸ್ಪಷ್ಟವಾಗಿ ಬರೆದುಕೊಟ್ಟಿರುವುದರಿಂದ ನನ್ನ ಮಟ್ಟಿಗೆ ಅದೇ ಮೇಲು.

ಬರೆದುಕೊಟ್ಟದ್ದನ್ನೂ ಕೆಲವೊಮ್ಮೆ ಕೇಳಿ ಪಡೆಯಬೇಕು. ಹೆಸರು ಹೇಳಲಿಚ್ಛಿಸದ ಒಂದು ಹೋಟೆಲಿನಲ್ಲಿ ಸ್ಯೂಟುಗಳೆಲ್ಲ ಭರ್ತಿಯಾಗಿವೆ ಎಂದು ಸ್ವಾಗತಕಾರರು ವಿನಯದಿಂದ ಹೇಳುತ್ತಿದ್ದಾಗಲೇ, ನನ್ನ ಕೈಯಲ್ಲಿದ್ದ ಅವರದೇ ಆ್ಯಪ್ ಅಂದಿನ ರಾತ್ರಿಗೆ ನಾಲ್ಕು ಸ್ಯೂಟುಗಳನ್ನು ಮಾರುತ್ತಿತ್ತು. ತೋರಿಸಿದ ಮೇಲೆ ಒಂದು ಸಿಕ್ಕಿತು.

ಇಷ್ಟಾದರೂ ಈ ಹಾದಿ ಹಿಡಿಯುವವರು ಕೆಲವು ಸಂಗತಿಗಳನ್ನು ಅರಿತಿರಬೇಕು. ಮಧ್ಯವರ್ತಿ ಜಾಲತಾಣಗಳ ಮೂಲಕ ಕಾದಿರಿಸಿದ ಹೋಟೆಲ್ ರಾತ್ರಿಗಳು ಸಾಮಾನ್ಯವಾಗಿ ದರ್ಜೆಯ ಲೆಕ್ಕಕ್ಕೆ ಬರುವುದಿಲ್ಲ. ಪಾಯಿಂಟ್ ಕೊಟ್ಟು ತಂಗಿದ ರಾತ್ರಿಗಳು ಮ್ಯಾರಿಯಟ್, ಹಿಲ್ಟನ್, ಹಯಾಟ್ ಮೂರರಲ್ಲೂ ಲೆಕ್ಕಕ್ಕೆ ಬರುತ್ತವೆ. ದರ್ಜೆ ಸಾಮಾನ್ಯವಾಗಿ ಗಳಿಸಿದ ವರ್ಷದ ಉಳಿದ ಭಾಗಕ್ಕೂ ಮುಂದಿನ ವರ್ಷಕ್ಕೂ ಊರ್ಜಿತವಾಗಿರುವುದರಿಂದ, ಮಾರ್ಚಿನಲ್ಲಿ ಗಳಿಸಿದವನಿಗೆ ಡಿಸೆಂಬರಿನಲ್ಲಿ ಗಳಿಸಿದವನಿಗಿಂತ ಒಂಬತ್ತು ತಿಂಗಳ ಅನುಭೋಗ ಹೆಚ್ಚು ದೊರೆಯುತ್ತದೆ. ಒಂದೆಡೆಯ ದರ್ಜೆಯನ್ನು ತೋರಿಸಿ ಇನ್ನೊಂದೆಡೆ ಪಡೆಯುವ ಸ್ಟೇಟಸ್ ಮ್ಯಾಚ್ ಅವಕಾಶ ಆಗಾಗ ತೆರೆಯುತ್ತದೆ. ಓಟಕ್ಕಿಳಿಯುವ ಮೊದಲು ಅದನ್ನು ವಿಚಾರಿಸುವುದು ಲೇಸು.

ವಿಮಾನ ಸಂಸ್ಥೆಯ ದರ್ಜೆಯನ್ನು ನಾನು ಈ ವರ್ಷ ಕೈಬಿಟ್ಟಿದ್ದೇನೆ. ಹೋಟೆಲಿನದನ್ನು ಉಳಿಸಿಕೊಳ್ಳಲು ಆರು ರಾತ್ರಿಗಳು ಬಾಕಿಯಿವೆ. ಆ ಆರು ರಾತ್ರಿಗಳ ಬಾಡಿಗೆಯನ್ನು ಒಂದು ಕಡೆಗೂ, ಮುಂದಿನ ವರ್ಷ ಹೇಗಿದ್ದರೂ ಮಾಡಲಿರುವ ಪ್ರಯಾಣಗಳ ಉಪಾಹಾರದ ಬೆಲೆಯನ್ನು ಇನ್ನೊಂದು ಕಡೆಗೂ ಬರೆದು ನೋಡಿದಾಗ, ಬಾಡಿಗೆಯೇ ಹೆಚ್ಚಾಯಿತು. ಕಾದಿರಿಸಿದ್ದ ಕೊಠಡಿಯನ್ನು ನಿನ್ನೆ ರದ್ದುಪಡಿಸಿದೆ.