ಬರೆದವರ ಬದುಕನ್ನೂ ಜೊತೆಗಿಟ್ಟು ಓದಿಸುವ ರೋಮನ್ ಓದುಕೂಟ

ಬದಿಯಡ್ಕ ಪರಿಸರದ ಒಂದು ಗ್ರಾಮ ಗ್ರಂಥಾಲಯವು ಭಾನುವಾರ ಅಪರಾಹ್ನ ನಡೆಸುತ್ತಿರುವ ಓದುಕೂಟವು, ಅಧಿಕಾರ, ಧೈರ್ಯ ಮತ್ತು ಮನುಷ್ಯಸ್ವಭಾವಗಳ ಕುರಿತು ಪ್ರಾಚೀನ ರೋಮನರು ಬರೆದುದನ್ನು ಅವರ ಬದುಕಿನಿಂದ ಬೇರ್ಪಡಿಸದೆ ಓದಿಸುತ್ತದೆ. ನಾನು ಇದನ್ನು ಮೆಚ್ಚಿದ್ದು ಈ ಒಂದು ಕಾರಣಕ್ಕೆ. ಶುಲ್ಕವಿಲ್ಲ, ಆಯ್ದ ಭಾಗಗಳ ಕನ್ನಡ ಅನುವಾದವನ್ನು ಮುಂಚಿತವಾಗಿಯೇ ಕೊಡುತ್ತಾರೆ.

ಹದಿಹರೆಯದಲ್ಲೇ ಪಟ್ಟವೇರಿದ ರೋಮನ್ ಚಕ್ರವರ್ತಿ ನೀರೋಗೆ ಗುರುವೂ ಸಲಹೆಗಾರನೂ ಆಗಿದ್ದ ತತ್ತ್ವಜ್ಞಾನಿ ಸೆನೆಕನು, ದಂಡಿಸಬಲ್ಲವನಿಗೆ ದಯೆಯೇ ಭೂಷಣವೆಂದು ಬೋಧಿಸಿದ ಭಾಗವನ್ನು ಮೊದಲು ಓದಿದೆವು. ಆ ಬಳಿಕ, ಕ್ರಿ.ಶ. 59ರಲ್ಲಿ ನೀರೋ ತಾಯಿ ಅಗ್ರಿಪ್ಪಿನಾಳನ್ನು ಕೊಲ್ಲಿಸಿದಾಗ ಸಮರ್ಥನೆಯ ಪತ್ರವನ್ನು ಬರೆದುಕೊಟ್ಟ ಅಪವಾದ ಸೆನೆಕನ ಮೇಲೆಯೇ ಬಂದುದನ್ನೂ, 65ರಲ್ಲಿ ಅದೇ ಶಿಷ್ಯನ ಆಜ್ಞೆಯಂತೆ ಅವನು ರಕ್ತನಾಳ ಕೊಯ್ದುಕೊಂಡು ಸಾಯಬೇಕಾದುದನ್ನೂ ಮುಂದಿಟ್ಟರು. ತಾಳಮದ್ದಳೆಯಲ್ಲಿ ಅರ್ಥ ಹೇಳುವ ನಿವೃತ್ತ ಮಾಸ್ತರರೊಬ್ಬರು, ದ್ರೌಪದಿಯ ಪ್ರಶ್ನೆಗೆ ಉತ್ತರಿಸಲಾರದೆ ಹೋದ ಭೀಷ್ಮನನ್ನು ಎದುರಿಗೆ ತಂದು, ಅರಮನೆಯ ಅನ್ನ ಉಂಡವನ ನೀತಿಗೆ ಎಷ್ಟು ಬಲವಿರುತ್ತದೆಂದು ಕೇಳಿದರು. ಅಂದಿನ ಚರ್ಚೆ ಸಮಯ ಮೀರಿ ಮುಂದುವರಿಯಿತು. ಮುಂದುವರಿಯಲು ಬಿಟ್ಟ ಸಂಚಾಲಕರ ವಿವೇಕವನ್ನು ಮೆಚ್ಚಬೇಕು.

ಟ್ಯಾಸಿಟಸನ ಓದಂತೂ ಅತ್ಯುತ್ತಮವಾಗಿತ್ತು. ಡೊಮಿಷಿಯನ್ನನ ಕ್ರೂರ ಆಳ್ವಿಕೆಯಲ್ಲಿ ಹುದ್ದೆ ಏರುತ್ತಲೇ ಸುಮ್ಮನಿದ್ದ ಈ ಇತಿಹಾಸಕಾರನು, ಆ ದೊರೆ 96ರಲ್ಲಿ ಹತನಾದ ಮೇಲೆ ತನ್ನ ಮಾವ ಅಗ್ರಿಕೋಲನ ಚರಿತ್ರೆಯನ್ನು ಬರೆದು, ತಾನೂ ಸೇರಿದಂತೆ ಸೆನೆಟ್ ಸದಸ್ಯರೆಲ್ಲರ ಮೌನದ ಕಳಂಕವನ್ನು ಅದರಲ್ಲಿ ಒಪ್ಪಿಕೊಂಡನು. ರೋಮನರು ಕೊಳ್ಳೆಯನ್ನು ಸಾಮ್ರಾಜ್ಯವೆಂದೂ ಹಾಳುಗೆಡವಿದ ನೆಲವನ್ನು ಶಾಂತಿಯೆಂದೂ ಕರೆಯುತ್ತಾರೆಂಬ ಆರೋಪವನ್ನು ಅವನು, ಬ್ರಿಟನ್ನಿನಲ್ಲಿ ಅಗ್ರಿಕೋಲನ ಸೇನೆಗೆ ಎದುರುನಿಂತ ಶತ್ರುನಾಯಕ ಕ್ಯಾಲ್ಗಾಕಸನ ಬಾಯಲ್ಲಿ ಆಡಿಸಿದ್ದಾನೆ. ಇಂಥ ಮಾತನ್ನು ಗಟ್ಟಿಯಾಗಿಯೇ ಓದಬೇಕು. ಇಲ್ಲಿ ಹಾಗೆಯೇ ಓದಿದರು.

ಮಾರ್ಕಸ್ ಆರೇಲಿಯಸನ ವಿಷಯದಲ್ಲಿ ಮಾತ್ರ ನಿರಾಶೆಯಾಯಿತು. 161ರಿಂದ 180ರವರೆಗೆ ಆಳಿದ ಈ ಚಕ್ರವರ್ತಿಯು ಡ್ಯಾನ್ಯೂಬ್ ನದಿಯಾಚೆಗಿನವರೊಡನೆ ಯುದ್ಧವನ್ನೂ ರಾಜ್ಯಕ್ಕೆ ಹಬ್ಬಿದ ಮಹಾಮಾರಿಯನ್ನೂ ಎದುರಿಸುತ್ತಾ ತನಗಾಗಿಯೇ ಗ್ರೀಕ್ ಭಾಷೆಯಲ್ಲಿ ಬರೆದುಕೊಂಡದ್ದನ್ನು, ಆ ಹಿನ್ನೆಲೆಯಿಲ್ಲದೆ ಬಿಡಿ ನುಡಿಗಳಾಗಿ ಹಂಚಿದ್ದರಿಂದ ಧೈರ್ಯದ ಚರ್ಚೆ ಬೇರೂರಲೇ ಇಲ್ಲ. ಜೆರಾಕ್ಸ್ ಪ್ರತಿಗಳ ಅಕ್ಷರಗಳು ಹಿರಿಯರಿಗೆ ತೀರಾ ಸಣ್ಣವು.

ಒಂದು ಸಲಹೆಯಿದೆ. ಕ್ರಿಸ್ತನ ಕೊನೆಯ ದಿನವನ್ನು ಕುರಿತ ಮಂಜೇಶ್ವರ ಗೋವಿಂದ ಪೈಗಳ ‘ಗೊಲ್ಗೊಥಾ’ ನಮ್ಮ ನೆಲದ ಕಾವ್ಯವೇ ಆಗಿರುವುದರಿಂದ, ರೋಮನ್ ಅಧಿಕಾರಿ ಪಿಲಾತನ ತೀರ್ಪಿಗೂ ಒಂದು ಭಾನುವಾರವನ್ನು ಮೀಸಲಿಡಬಹುದು. ಹೊಸದಾಗಿ ಸೇರುವವರು ಗ್ರಂಥಾಲಯದಲ್ಲಿ ಟ್ಯಾಸಿಟಸನ ಪ್ರತಿಯನ್ನು ಕೇಳಿ ಪಡೆದು, ಮನೆಯಲ್ಲಿ ಒಮ್ಮೆ ಓದಿಕೊಂಡೇ ಬರುವುದು ಒಳ್ಳೆಯದು.